ನ್ಯಾಯಮೂರ್ತಿಯಾಗುವವರ ನಡತೆ: ಸೆನೆಟ್ ವಿಚಾರಣೆಯಲ್ಲಿ ನೋಡಬೇಕಾದದ್ದು ಏನು?

2018ರ ಡಿಸೆಂಬರ್ 18ರಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ವಲಯಗಳಲ್ಲಿ ಒಂದಾದ ಹತ್ತನೇ ಸರ್ಕಿಟ್‌ನ ನ್ಯಾಯಾಂಗ ಮಂಡಳಿ ಒಂದೇ ಆದೇಶದಲ್ಲಿ 83 ದೂರುಗಳನ್ನು ವಜಾ ಮಾಡಿತು. ಎಲ್ಲವೂ, ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದ ಮೇಲ್ಮನವಿ ನ್ಯಾಯಾಧೀಶ ಬ್ರೆಟ್ ಕ್ಯಾವನಾ ಅವರ ಮೇಲಿನ ದೂರುಗಳು. ಆ ಹೆಸರನ್ನು ಒಪ್ಪಬೇಕೇ ಎಂದು ಸಂಸತ್ತಿನ ಮೇಲ್ಮನೆಯಾದ ಸೆನೆಟ್ ನಡೆಸುವ ದೃಢೀಕರಣ ವಿಚಾರಣೆಯಲ್ಲಿ ಅವರು ಸುಳ್ಳು ಹೇಳಿದರು, ಸಂಯಮ ತಪ್ಪಿದರು, ಪಕ್ಷ ಹಿಡಿದು ಮಾತಾಡಿದರು ಎಂಬುದು ದೂರುದಾರರ ಆಕ್ಷೇಪ. ಆರೋಪಗಳು ಗಂಭೀರವಾದವು ಎಂದು ಮಂಡಳಿಯೇ ಬರೆಯಿತು. ಆದರೂ ವಜಾ ಮಾಡಿತು. ಕಾರಣ, 1980ರ ನ್ಯಾಯಾಂಗ ನಡತೆ ಕಾಯ್ದೆ ಕೆಳಗಿನ ಫೆಡರಲ್ ನ್ಯಾಯಾಲಯಗಳ ನ್ಯಾಯಾಧೀಶರಿಗೆ ಮಾತ್ರ ಅನ್ವಯವಾಗುತ್ತದೆ. ಅಷ್ಟರಲ್ಲಿ, ಅಕ್ಟೋಬರ್ 6ರಂದು, 50–48 ಮತಗಳಿಂದ ದೃಢೀಕರಣಗೊಂಡು ಅವರು ಸುಪ್ರೀಂ ಕೋರ್ಟಿನ ಪೀಠ ಏರಿಯಾಗಿತ್ತು. ಅಲ್ಲಿಗೆ ಆ ಕಾಯ್ದೆಯ ಕೈ ಅವರಿಗೆ ಎಟುಕದೆ ಹೋಯಿತು.

ಈ ಆದೇಶದಿಂದಲೇ ಮಾತು ಶುರು ಮಾಡುವುದಕ್ಕೆ ಕಾರಣವಿದೆ. ಅಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ನಿವೃತ್ತಿ ವಯಸ್ಸಿಲ್ಲ. ತೆಗೆಯಬೇಕಾದರೆ ವಾಗ್ದಂಡನೆಯೊಂದೇ ದಾರಿ. ಅದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. 1804ರಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯಲ್ ಚೇಸ್ ಅವರ ಮೇಲೆ ಒಮ್ಮೆ ಅದನ್ನು ಹೂಡಿದ್ದರು, ಮರುವರ್ಷ ಅವರು ಖುಲಾಸೆಯಾದರು. ವಾಗ್ದಂಡನೆಯಿಂದ ಕುರ್ಚಿ ಕಳೆದುಕೊಂಡ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಇವತ್ತಿನವರೆಗೆ ಒಬ್ಬರೂ ಇಲ್ಲ. 2023ರ ನವೆಂಬರ್‌ನಲ್ಲಿ ಆ ನ್ಯಾಯಾಲಯ ತನಗೆ ತಾನೇ ಒಂದು ನೀತಿಸಂಹಿತೆ ಬರೆದುಕೊಂಡಿತು, ಆದರೆ ಅದನ್ನು ಮುರಿದರೆ ದೂರು ಯಾರಿಗೆ ಕೊಡಬೇಕು, ಯಾರು ವಿಚಾರಿಸಬೇಕು ಎಂಬುದನ್ನು ಅದರಲ್ಲಿ ಹೇಳಿಲ್ಲ. ಹೀಗಾಗಿ ಒಬ್ಬರ ನಡತೆಯನ್ನು ಹೊರಗಿನವರು ಕೇಳಿ ತಿಳಿಯುವುದಕ್ಕೆ ಇರುವ ಕೊನೆಯ ಬಾಗಿಲು ಸೆನೆಟ್‌ನ ನ್ಯಾಯಾಂಗ ಸಮಿತಿಯ ಕೊಠಡಿ. ಅಲ್ಲಿ ಸರಿಯಾಗಿ ನೋಡದಿದ್ದರೆ ಆಮೇಲೆ ನೋಡಲು ಜಾಗವೇ ಇಲ್ಲ.

ಸರಿಯಾಗಿ ನೋಡುವುದು ಎಂದರೇನು? ಟಿ.ವಿ.ಯಲ್ಲಿ ವಿಚಾರಣೆ ನೋಡುವವರು ಮುಖ ನೋಡುತ್ತಾರೆ. ಕಣ್ಣಲ್ಲಿ ನೀರು ಬಂತೇ, ಧ್ವನಿ ನಡುಗಿತೇ, ಶಾಂತವಾಗಿದ್ದರೇ, ಸಿಡುಕಿದರೇ ಎಂದು ಲೆಕ್ಕ ಹಾಕುತ್ತಾರೆ. ಮುಖ ನೋಡಿ ನಿಜ-ಸುಳ್ಳು ಗುರುತಿಸುವುದರಲ್ಲಿ ಮನುಷ್ಯರು ತೀರಾ ಕಚ್ಚಾ. ನುರಿತ ವಕೀಲರೂ ಇದರಲ್ಲಿ ಎಡವುತ್ತಾರೆ. ನಡತೆ ಕಾಣುವುದು ಕಾಗದದಲ್ಲಿ. ಕಾಗದ ಒಂದು ಹೇಳಿ ಬಾಯಿ ಇನ್ನೊಂದು ಹೇಳಿದಾಗ, ಆ ಎರಡರ ನಡುವೆ ಬಿಡುವ ಸಂದಿಯಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಮೊದಲು ಕಾಗದದ ವಿಷಯ. ಅಧ್ಯಕ್ಷರು ಹೆಸರು ಕಳಿಸಿದ ಕೂಡಲೇ ಸಮಿತಿ ಒಂದು ಪ್ರಶ್ನಾವಳಿ ಕೊಡುತ್ತದೆ. ಬರೆದ ಲೇಖನಗಳೆಲ್ಲ, ಮಾಡಿದ ಭಾಷಣಗಳೆಲ್ಲ, ಕೊಟ್ಟ ಸಂದರ್ಶನಗಳೆಲ್ಲ, ಸದಸ್ಯರಾಗಿದ್ದ ಸಂಘ-ಕ್ಲಬ್ಬುಗಳೆಲ್ಲ, ನಡೆಸಿದ ಮುಖ್ಯ ಮೊಕದ್ದಮೆಗಳು, ಮೇಲಿನ ಕೋರ್ಟಿನಲ್ಲಿ ಬಿದ್ದುಹೋದ ತೀರ್ಪುಗಳು, ಆಸ್ತಿ, ಸಾಲ, ಆದಾಯ, ಬಡವರಿಗೆ ಶುಲ್ಕವಿಲ್ಲದೆ ಮಾಡಿದ ಕೆಲಸ, ಯಾವ ಯಾವ ಪ್ರಕರಣಗಳಿಂದ ಹಿಂದೆ ಸರಿದಿರಿ ಮತ್ತು ಏಕೆ, ಇಷ್ಟನ್ನೂ ಬರೆದುಕೊಡಬೇಕು. ತುಂಬಿದ ಪ್ರಶ್ನಾವಳಿ ನೂರಾರು ಪುಟ ಆಗುವುದುಂಟು, ಲಗತ್ತುಗಳು ಬೇರೆ. ಕೊನೆಯಲ್ಲಿ ಪ್ರಮಾಣೀಕರಿಸಿದ ಸಹಿ ಇರುತ್ತದೆ. ಈ ಸಹಿಯ ಬೆಲೆಯನ್ನು ಮರೆಯಬಾರದು: ಇದರಲ್ಲಿ ಬಿಟ್ಟುಹೋದದ್ದು ಮುಂದೆ ಸಿಕ್ಕರೆ, ಆ ಬಿಟ್ಟುಹೋದ ಸಂಗತಿಗಿಂತ ಬಿಟ್ಟದ್ದೇ ದೊಡ್ಡ ಪ್ರಶ್ನೆಯಾಗುತ್ತದೆ.

2005ರಲ್ಲಿ ಹ್ಯಾರಿಯೆಟ್ ಮೈಯರ್ಸ್ ಕೊಟ್ಟ ಉತ್ತರಗಳು ಸಾಲವು ಎಂದು ಸಮಿತಿಯ ಅಧ್ಯಕ್ಷ ಆರ್ಲೆನ್ ಸ್ಪೆಕ್ಟರ್ ಮತ್ತು ವಿರೋಧ ಪಕ್ಷದ ಹಿರಿಯ ಸದಸ್ಯ ಪ್ಯಾಟ್ರಿಕ್ ಲೇಹಿ ಇಬ್ಬರೂ ಸೇರಿ ಪ್ರಶ್ನಾವಳಿಯನ್ನು ವಾಪಸ್ ಕಳಿಸಿದರು. ಸ್ಪೆಕ್ಟರ್, ಹೆಸರು ಕಳಿಸಿದ ಅಧ್ಯಕ್ಷರ ಪಕ್ಷದವರೇ. ಅಕ್ಟೋಬರ್ 27ರಂದು ಮೈಯರ್ಸ್ ಹೆಸರು ಹಿಂತೆಗೆದುಕೊಂಡರು. ವಿಚಾರಣೆಯ ಕೊಠಡಿಗೆ ಅವರು ಕಾಲಿಡಲೇ ಇಲ್ಲ. ಎರಡೂ ಪಕ್ಷದವರು ಒಟ್ಟಿಗೆ ಕಾಗದವನ್ನು ಗಂಭೀರವಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಪ್ರಶ್ನಾವಳಿಯಲ್ಲಿ ಅನುಭವಿಗಳು ಮೊದಲು ತಿರುವಿ ನೋಡುವುದು ಹಣ ಮತ್ತು ಹಿಂದೆ ಸರಿದ ಪ್ರಕರಣಗಳ ಪಟ್ಟಿಯನ್ನು. 1969ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಬಂದಿದ್ದ ಮೇಲ್ಮನವಿ ನ್ಯಾಯಾಧೀಶ ಕ್ಲೆಮೆಂಟ್ ಹೇಯ್ನ್ಸ್‌ವರ್ತ್ ಅವರನ್ನು ಸೆನೆಟ್ 45–55ರಿಂದ ತಿರಸ್ಕರಿಸಿತು. ಬ್ರನ್ಸ್‌ವಿಕ್ ಎಂಬ ಕಂಪನಿಯ ಮೊಕದ್ದಮೆಯನ್ನು ಅವರ ಪೀಠ ಒಳಗೊಳಗೇ ತೀರ್ಮಾನಿಸಿತ್ತು, ತೀರ್ಪು ಇನ್ನೂ ಹೊರಬಿದ್ದಿರಲಿಲ್ಲ. ಆ ನಡುವಿನ ದಿನಗಳಲ್ಲಿ ಅವರು ಅದೇ ಕಂಪನಿಯ 1,000 ಷೇರು ಕೊಂಡಿದ್ದರು. ಲಾಭಕ್ಕಾಗಿ ತೀರ್ಪು ತಿರುಚಿದರು ಎಂದು ಯಾರೂ ತೋರಿಸಲಿಲ್ಲ; ಆ ತೀರ್ಪಿನಿಂದ ಅವರಿಗಾಗಬಹುದಾಗಿದ್ದ ಲಾಭವೂ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅಜಾಗರೂಕತೆ ಎಂದರೂ ಸರಿಯೇ. ಆದರೆ ಕಕ್ಷಿದಾರನ ಕಡೆಯಿಂದ ನೋಡಿ: ನನ್ನ ಎದುರಾಳಿ ಕಂಪನಿಯಲ್ಲಿ ನ್ಯಾಯಾಧೀಶರದೇ ಪಾಲಿದೆ ಎಂದು ಗೊತ್ತಾದರೆ ಆ ತೀರ್ಪನ್ನು ಯಾರು ನಂಬುತ್ತಾರೆ? 1974ರಲ್ಲಿ ಕಾನೂನನ್ನೇ ಬಿಗಿ ಮಾಡಿದರು. ಕಕ್ಷಿದಾರ ಕಂಪನಿಯಲ್ಲಿ ಎಷ್ಟೇ ಸಣ್ಣ ಪಾಲಿದ್ದರೂ, ಅದು ಒಂದೇ ಷೇರು ಆದರೂ, ನ್ಯಾಯಾಧೀಶರು ಹಿಂದೆ ಸರಿಯಲೇಬೇಕು. ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೂ ಅದೇ ನಿಯಮ. ಮ್ಯೂಚುವಲ್ ಫಂಡ್ ಮೂಲಕ ಇರುವ ಪಾಲಿಗೆ ಸಾಮಾನ್ಯವಾಗಿ ವಿನಾಯಿತಿ.

ಈ ವಿನಾಯಿತಿಯ ಅಂಚಿನಲ್ಲೇ ಸ್ಯಾಮ್ಯುಯಲ್ ಅಲಿಟೊ ಸಿಕ್ಕಿಕೊಂಡದ್ದು. 1990ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುವಾಗ, ವ್ಯಾನ್‌ಗಾರ್ಡ್ ಕಂಪನಿಯ ಫಂಡುಗಳಲ್ಲಿ ತಮ್ಮ ಹಣವಿರುವುದರಿಂದ ಆ ಕಂಪನಿಯ ಪ್ರಕರಣಗಳಲ್ಲಿ ಕೂರುವುದಿಲ್ಲ ಎಂದು ಸಮಿತಿಗೆ ಬರೆದುಕೊಟ್ಟಿದ್ದರು. 2002ರಲ್ಲಿ ಅಂಥದೊಂದು ಪ್ರಕರಣದಲ್ಲಿ ಕೂತರು. ಆಕ್ಷೇಪ ಬಂದ ಮೇಲೆ ಹಿಂದೆ ಸರಿದರು, ಹೊಸ ಪೀಠ ಅದನ್ನು ಮತ್ತೆ ಕೇಳಿತು. ಕಾನೂನಿನ ಅಕ್ಷರಕ್ಕೆ ಅವರು ಹಿಂದೆ ಸರಿಯಬೇಕಾಗಿರಲಿಲ್ಲ ಎಂದು ವಾದಿಸಬಹುದು, ಹಾಗೆ ವಾದಿಸಿದವರೂ ಇದ್ದರು. ಸುಪ್ರೀಂ ಕೋರ್ಟಿಗಾಗಿ 2006ರಲ್ಲಿ ನಡೆದ ಅವರ ವಿಚಾರಣೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಬರೆದುಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳಲು ನಿಮ್ಮ ಕಚೇರಿಯಲ್ಲಿ ಏನು ವ್ಯವಸ್ಥೆ ಇತ್ತು? ತಪ್ಪಿದ ಮೇಲೆ ನೀವು ಕೊಟ್ಟ ವಿವರಣೆ ಒಂದೇ ಇದೆಯೇ, ಬದಲಾಗುತ್ತಾ ಬಂದಿದೆಯೇ? ಅವರ ಕಡೆಯಿಂದ ಒಮ್ಮೆ ಕಂಪ್ಯೂಟರ್ ತಪಾಸಣೆಯ ಲೋಪ ಎಂಬ ಮಾತು ಬಂತು, ಇನ್ನೊಮ್ಮೆ ಆ ವಾಗ್ದಾನ ಸೇವೆಯ ಆರಂಭದ ಕಾಲಕ್ಕೆ ಸೀಮಿತ ಎಂಬ ಮಾತು ಬಂತು. ಸಣ್ಣ ತಪ್ಪಿಗೆ ಎರಡು ಕಾರಣ ಬಂದಾಗ ಅಲ್ಲಿ ನಿಂತು ಕೇಳುವುದು ಸೆನೆಟರ್‌ಗಳ ಕೆಲಸ.

ಎರಡನೆಯ ಕಡತ ಎಫ್‌ಬಿಐಯದು. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಎಫ್‌ಬಿಐ ಇಲ್ಲಿ ಅಪರಾಧದ ತನಿಖೆ ನಡೆಸುವುದಿಲ್ಲ. ನೆರೆಹೊರೆಯವರು, ಸಹೋದ್ಯೋಗಿಗಳು, ಹಳೆಯ ಸಹಪಾಠಿಗಳನ್ನು ಮಾತಾಡಿಸಿ ಅವರು ಹೇಳಿದ್ದನ್ನು ಬರೆದಿಡುತ್ತದೆ. ಯಾರು ನಿಜ ಹೇಳಿದರು ಎಂದು ತೀರ್ಮಾನಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸವನ್ನು ಅದು ಮಾಡುವುದು ಶ್ವೇತಭವನದ ಕೋರಿಕೆಯ ಮೇಲೆ. ಯಾರನ್ನು ಮಾತಾಡಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಗೆರೆಯನ್ನು ಎಳೆಯುವವರು ಹೆಸರು ಕಳಿಸಿದವರೇ. 2018ರಲ್ಲಿ ಕ್ಯಾವನಾ ಅವರ ಮೇಲೆ ಲೈಂಗಿಕ ಹಲ್ಲೆಯ ಆರೋಪ ಬಂದಾಗ, ಸೆನೆಟರ್ ಜೆಫ್ ಫ್ಲೇಕ್ ಒತ್ತಾಯಿಸಿದ್ದರಿಂದ ಒಂದು ವಾರದ ಹೆಚ್ಚುವರಿ ತಪಾಸಣೆ ನಡೆಯಿತು. ಎಫ್‌ಬಿಐ 10 ಮಂದಿಯನ್ನು ಮಾತಾಡಿಸಿತು. ಆರೋಪ ಮಾಡಿದ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಅವರನ್ನಾಗಲಿ ಕ್ಯಾವನಾ ಅವರನ್ನಾಗಲಿ ಮಾತಾಡಿಸಲಿಲ್ಲ. ಸಾರ್ವಜನಿಕರಿಂದ 4,500ಕ್ಕೂ ಹೆಚ್ಚು ಮಾಹಿತಿಗಳು ಬಂದಿದ್ದವು, ಅವುಗಳಲ್ಲಿ ಪ್ರಸ್ತುತವೆನಿಸಿದ್ದನ್ನು ಶ್ವೇತಭವನದ ವಕೀಲರ ಕಚೇರಿಗೆ ಕಳಿಸಲಾಯಿತು ಎಂದು 2021ರಲ್ಲಿ ಎಫ್‌ಬಿಐ ಸೆನೆಟರ್‌ಗಳಿಗೆ ಪತ್ರ ಬರೆಯಿತು. ವರದಿಯ ಪ್ರತಿ ಒಂದೇ ಒಂದು. ಕ್ಯಾಪಿಟಲ್ ಕಟ್ಟಡದ ಭದ್ರ ಕೊಠಡಿಯಲ್ಲಿಟ್ಟು, ಒಂದು ತಾಸು ಒಂದು ಪಕ್ಷದವರು, ಮುಂದಿನ ತಾಸು ಇನ್ನೊಂದು ಪಕ್ಷದವರು ಎಂದು ಸರದಿ ಮಾಡಿ ಓದಿದರು. ನೂರು ಸೆನೆಟರ್‌ಗಳು, ಒಂದು ಪ್ರತಿ! ಆದ್ದರಿಂದ ‘ಎಫ್‌ಬಿಐ ನೋಡಿದೆ, ಏನೂ ಸಿಗಲಿಲ್ಲ’ ಎಂಬ ಮಾತು ಯಾರ ಬಾಯಿಂದ ಬಂದರೂ ಎರಡು ಪ್ರಶ್ನೆ ಹಾಕಬೇಕು. ಯಾರನ್ನು ಕೇಳಿದರು? ಯಾರನ್ನು ಕೇಳಬೇಡಿ ಎಂದರು?

ಮೂರನೆಯದು ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಅಲ್ಲಿನ ವಕೀಲರ ಸಂಘದ ಮೌಲ್ಯಮಾಪನ. 1953ರಿಂದ ನಡೆದು ಬಂದಿದೆ. ಅದರ 15 ಮಂದಿಯ ಸ್ಥಾಯಿ ಸಮಿತಿ ಮೂರನ್ನು ಮಾತ್ರ ನೋಡುತ್ತದೆ: ಪ್ರಾಮಾಣಿಕತೆ, ವೃತ್ತಿ ಸಾಮರ್ಥ್ಯ, ನ್ಯಾಯಾಧೀಶರಿಗೆ ಬೇಕಾದ ಮನೋಧರ್ಮ. ಎದುರು ವಾದಿಸಿದ ವಕೀಲರನ್ನೂ ಜೊತೆಗೆ ಪೀಠದಲ್ಲಿ ಕೂತವರನ್ನೂ ಹೆಸರು ಗುಟ್ಟಾಗಿಡುವ ಭರವಸೆ ಕೊಟ್ಟು ಮಾತಾಡಿಸುತ್ತಾರೆ. ನಾಳೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದ ವಕೀಲ ಹೆಸರು ಬಯಲಾಗುತ್ತದೆ ಎಂದರೆ ಬಾಯಿ ಬಿಡುವುದಿಲ್ಲ. ಹಾಗಾಗಿ ಈ ಗುಟ್ಟು ಬೇಕು. ಆದರೆ ಅದೇ ಗುಟ್ಟಿನಿಂದಾಗಿ ಯಾರು ಏನು ಹೇಳಿದರು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ವಕೀಲರ ಮಾತು ಯಾವಾಗಲೂ ಶುದ್ಧ ಎಂದೂ ಅಲ್ಲ. 1916ರಲ್ಲಿ ಲೂಯಿಸ್ ಬ್ರಾಂಡೈಸ್ ಅವರ ಹೆಸರು ಬಂದಾಗ, ಇವರ ನಡತೆ ಸರಿಯಿಲ್ಲ, ಎರಡೂ ಕಡೆಯವರಿಗೆ ವಕೀಲಿ ಮಾಡಿದ್ದಾರೆ ಎಂದು ಬಾಸ್ಟನ್ನಿನ ಪ್ರತಿಷ್ಠಿತರು ಸಾಲುಗಟ್ಟಿ ಬಂದರು. ದೇಶದ ಮಾಜಿ ಅಧ್ಯಕ್ಷ ವಿಲಿಯಂ ಟಾಫ್ಟ್ ಸೇರಿದಂತೆ ವಕೀಲರ ಸಂಘದ ಹಿಂದಿನ ಹಲವು ಅಧ್ಯಕ್ಷರು, ಇವರು ಯೋಗ್ಯ ವ್ಯಕ್ತಿಯಲ್ಲ ಎಂದು ಸಹಿ ಹಾಕಿದರು. ಬ್ರಾಂಡೈಸ್ ಯಹೂದಿ, ದೊಡ್ಡ ಕಂಪನಿಗಳ ವಿರುದ್ಧ ಹೋರಾಡಿದವರು. ‘ನಡತೆ’ ಎಂಬ ಪದದ ಹಿಂದೆ ಆ ಎರಡು ಅಸಹನೆಗಳು ಅಡಗಿ ಕೂತಿದ್ದವು. ಅವರನ್ನು ಉಳಿಸಿದ್ದು ಸಮಯ. ಜನವರಿ 28ರಿಂದ ಜೂನ್ 1ರವರೆಗೆ ನಾಲ್ಕು ತಿಂಗಳು ಒಂದೊಂದೇ ಹಳೆಯ ಮೊಕದ್ದಮೆಯನ್ನು ಬಿಡಿಸಿ ನೋಡಿದರು, 47–22ರಿಂದ ದೃಢೀಕರಿಸಿದರು. ಸಾರ್ವಜನಿಕ ವಿಚಾರಣೆ ನಡೆದದ್ದು ಅದೇ ಮೊದಲು. ಬ್ರಾಂಡೈಸ್ ಸ್ವತಃ ಬಂದು ಕೂರಲಿಲ್ಲ, ಆಗ ಆ ರೂಢಿಯಿರಲಿಲ್ಲ. ಇದರ ಪಕ್ಕಕ್ಕೆ 1937ನ್ನು ಇಟ್ಟು ನೋಡಿ. ಹ್ಯೂಗೋ ಬ್ಲ್ಯಾಕ್ ಸ್ವತಃ ಸೆನೆಟರ್ ಆಗಿದ್ದವರು. ತಮ್ಮವರೇ ಎಂದು ಐದು ದಿನದಲ್ಲಿ ಮುಗಿಸಿದರು. ಅವರು ಹಿಂದೆ ಬಿಳಿಯರ ಮೇಲುಗೈಗಾಗಿ ನಿಂತ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಸದಸ್ಯರಾಗಿದ್ದರು ಎಂಬುದಕ್ಕೆ ಪುರಾವೆ ಪತ್ರಿಕೆಯಲ್ಲಿ ಬಂದದ್ದು ಮರುತಿಂಗಳು. ಮುಂದೆ ಅವರು ಜನಾಂಗ ಸಮಾನತೆಯ ತೀರ್ಪುಗಳಿಗೆ ಕೈಜೋಡಿಸಿದರು, ಅದು ನಿಜ. ಆದರೆ ಸೆನೆಟ್ ಕುರುಡಾಗಿ ಮತ ಹಾಕಿತು ಎಂಬುದೂ ಅಷ್ಟೇ ನಿಜ.

ಇನ್ನು ಕೊಠಡಿಯ ಒಳಗೆ ಬರೋಣ. 1955ರಿಂದೀಚೆಗೆ ನಾಮನಿರ್ದೇಶಿತರು ಬಂದು ಪ್ರಮಾಣ ಮಾಡಿ ಉತ್ತರಿಸುವುದು ಖಾಯಂ ರೂಢಿಯಾಯಿತು. 1981ರಿಂದ ಟಿ.ವಿ. ನೇರಪ್ರಸಾರ ಬಂತು. ಮೊದಲ ದಿನ ಸೆನೆಟರ್‌ಗಳ ಆರಂಭದ ಮಾತು, ತಲಾ 10 ನಿಮಿಷ. ಅದನ್ನು ಬಿಟ್ಟರೂ ನಷ್ಟವಿಲ್ಲ. ಆಮೇಲೆ ಪ್ರಶ್ನೆಗಳ ಸುತ್ತು. 2022ರಲ್ಲಿ ಕೇತಾಂಜಿ ಬ್ರೌನ್ ಜಾಕ್ಸನ್ ಅವರಿಗೆ ಮೊದಲ ಸುತ್ತಿನಲ್ಲಿ ತಲಾ 30 ನಿಮಿಷ, ಎರಡನೆಯದರಲ್ಲಿ 20 ನಿಮಿಷ ಇತ್ತು. ಈ ಸಮಯ ಪ್ರಶ್ನೆ ಮತ್ತು ಉತ್ತರ ಎರಡಕ್ಕೂ ಸೇರಿ. ಬಹಳಷ್ಟು ಸೆನೆಟರ್‌ಗಳು ಅರ್ಧಕ್ಕರ್ಧ ಸಮಯವನ್ನು ತಾವೇ ಮಾತಾಡಿ ಕಳೆಯುತ್ತಾರೆ.

ಉತ್ತರಗಳನ್ನು ಕೇಳುವಾಗ ಒಂದು ಗೆರೆ ನೆನಪಿರಲಿ. ಮುಂದೆ ನ್ಯಾಯಾಲಯಕ್ಕೆ ಬರಬಹುದಾದ ಕಾನೂನಿನ ಪ್ರಶ್ನೆಗೆ ಉತ್ತರಿಸುವುದಿಲ್ಲ ಎನ್ನುವ ಹಕ್ಕು ನಾಮನಿರ್ದೇಶಿತರಿಗೆ ಇದೆ. 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸುಳಿವನ್ನೂ ಕೊಡುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ ಎಂದರು; ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. ಕಾನೂನಿನ ಮಟ್ಟಿಗೆ ಇದು ಒಪ್ಪುವ ಮಾತು. ಆದರೆ ತಾವು ಮಾಡಿದ, ಬರೆದ, ಕಂಡ, ಕೇಳಿದ ಸಂಗತಿಗೆ ಈ ರಕ್ಷಣೆ ಇಲ್ಲ. ‘ಆ ಸಂಘದ ಸದಸ್ಯರಾಗಿದ್ದಿರಾ?’ ಎಂಬ ಪ್ರಶ್ನೆ ನಾಳೆ ಯಾವ ಕೋರ್ಟಿಗೂ ಬರುವುದಿಲ್ಲ. ಮೊದಲನೆಯ ಬಗೆಯ ಮೌನವನ್ನು ಎರಡನೆಯ ಬಗೆಯ ಪ್ರಶ್ನೆಗೂ ಹೊದಿಸಿದರೆ, ಅದು ನಡತೆಯ ಲೆಕ್ಕಕ್ಕೇ ಬರಬೇಕು.

ಹೆರಾಲ್ಡ್ ಕಾರ್ಸ್‌ವೆಲ್ ಅವರ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 1970ರಲ್ಲಿ ಅವರ ಹೆಸರು ಬಂದಾಗ, 1948ರ ಚುನಾವಣಾ ಭಾಷಣವೊಂದರಲ್ಲಿ ಬಿಳಿಯರ ಮೇಲುಗೈಯನ್ನು ಎತ್ತಿಹಿಡಿದದ್ದು ಬಯಲಾಯಿತು. ಆ ಮಾತನ್ನು ಈಗ ಒಪ್ಪುವುದಿಲ್ಲ ಎಂದು ಅವರು ಹೇಳಿದರು, ಅಷ್ಟಕ್ಕೇ ಹೆಸರು ಬೀಳುತ್ತಿರಲಿಲ್ಲವೇನೋ. ಇನ್ನೊಂದು ಸಂಗತಿಯೂ ಇತ್ತು. 1956ರಲ್ಲಿ ಟ್ಯಾಲಹಾಸಿಯ ಸಾರ್ವಜನಿಕ ಗಾಲ್ಫ್ ಮೈದಾನವನ್ನು ಕರಿಯರಿಗೆ ತೆರೆಯಬೇಕಾದೀತೆಂದು ಖಾಸಗಿ ಕ್ಲಬ್ಬಾಗಿ ಮಾಡಿದಾಗ, ಅದರ ಸ್ಥಾಪಕರ ಪಟ್ಟಿಯಲ್ಲಿ ಇವರ ಸಹಿಯಿತ್ತು. ವಿಚಾರಣೆಯ ಹಿಂದಿನ ರಾತ್ರಿ ವಕೀಲರ ಸಂಘದ ಪ್ರತಿನಿಧಿಗಳು ಆ ಕಾಗದವನ್ನು ಅವರ ಕೈಗೇ ಕೊಟ್ಟು ತೋರಿಸಿದ್ದರು. ಮರುದಿನ ಪ್ರಮಾಣ ಮಾಡಿ ಕೂತಾಗ ಅವರು ಏನೂ ಸರಿಯಾಗಿ ನೆನಪಿಲ್ಲ ಎನ್ನುವ ಹಾಗೆ ಉತ್ತರ ಕೊಟ್ಟರು. ಆ ರಾತ್ರಿಯ ಭೇಟಿಯ ವಿಷಯ ಹೊರಬಂದಾಗ ಚರ್ಚೆಯ ದಿಕ್ಕೇ ಬದಲಾಯಿತು: ಹದಿನಾಲ್ಕು ವರ್ಷ ಹಿಂದಿನ ಸಹಿಯನ್ನು ಮರೆಯಬಹುದು, ನಿನ್ನೆ ರಾತ್ರಿ ನೋಡಿದ ಕಾಗದವನ್ನು ಮರೆಯುವುದು ಹೇಗೆ? 45–51ರಿಂದ ಸೋತರು. ಹಳೆಯ ತಪ್ಪನ್ನು ಸೆನೆಟ್ ಎಷ್ಟೋ ಬಾರಿ ಕ್ಷಮಿಸಿದೆ. ಪ್ರಮಾಣ ಮಾಡಿದ ಮೇಲಿನ ಜಾರುಮಾತನ್ನು ಕ್ಷಮಿಸಬಾರದು ಎಂಬುದೇ ನಮ್ಮ ವಾದ.

ಹಾಗಾಗಿ ಒಳ್ಳೆಯ ಪ್ರಶ್ನೆ ಕೋರ್ಟಿನ ಪಾಟೀಸವಾಲಿನ ಹಾಗೆ ಇರಬೇಕು. ಒಂದು ಪ್ರಶ್ನೆಗೆ ಒಂದೇ ಸಂಗತಿ. ದಿನಾಂಕ ಮೊದಲು, ಕಾಗದ ಕೈಯಲ್ಲಿ. ‘ನಿಮ್ಮ ವ್ಯಕ್ತಿತ್ವದ ಬಗ್ಗೆ ಹೇಳಿ’ ಎಂದರೆ ತಾಲೀಮು ಮಾಡಿದ ಉತ್ತರ ಬರುತ್ತದೆ. ಶ್ವೇತಭವನದವರು ಅಣಕು ವಿಚಾರಣೆಗಳನ್ನು ನಡೆಸಿ ದಿನಗಟ್ಟಲೆ ತರಬೇತಿ ಕೊಟ್ಟಿರುತ್ತಾರೆ. ಮೂರು ಪ್ರಶ್ನೆ ಸೇರಿಸಿ ಕೇಳಿದರೆ ಸುಲಭವಾದದ್ದಕ್ಕೆ ಉತ್ತರಿಸಿ ಉಳಿದೆರಡನ್ನು ಬಿಡುತ್ತಾರೆ. ಸೆನೆಟರ್ ಮೇಜಿ ಹಿರೋನೊ ತಮ್ಮ ಮುಂದೆ ಬಂದ ಎಲ್ಲ ನಾಮನಿರ್ದೇಶಿತರಿಗೂ ಎರಡು ಪ್ರಶ್ನೆಗಳನ್ನು ಒಂದೇ ರೀತಿಯಲ್ಲಿ ಕೇಳುವ ರೂಢಿ ಇಟ್ಟುಕೊಂಡರು: ವಯಸ್ಕರಾದ ಮೇಲೆ ಯಾರಿಗಾದರೂ ಒಪ್ಪಿಗೆಯಿಲ್ಲದ ಲೈಂಗಿಕ ಬೇಡಿಕೆ ಇಟ್ಟಿದ್ದೀರಾ, ಅಥವಾ ಅಂಥ ಕಿರುಕುಳ ಕೊಟ್ಟಿದ್ದೀರಾ? ಈ ಬಗೆಯ ನಡತೆಗಾಗಿ ಶಿಸ್ತುಕ್ರಮ ಎದುರಿಸಿದ್ದೀರಾ, ರಾಜಿ ಮಾಡಿಕೊಂಡಿದ್ದೀರಾ? ಎಲ್ಲರಿಗೂ ಕೇಳುವುದರಿಂದ ಯಾರನ್ನೂ ಗುರಿ ಮಾಡಿದಂತಾಗುವುದಿಲ್ಲ, ಉತ್ತರ ಪ್ರಮಾಣದ ಮೇಲೆ ದಾಖಲಾಗುತ್ತದೆ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಕೊನೆಯ ಗಳಿಗೆಯಲ್ಲಿ ಗಂಭೀರ ಆರೋಪ ಬಂದರೆ ಏನು ಮಾಡಬೇಕು? 1991ರಲ್ಲಿ ಅನಿತಾ ಹಿಲ್, ಕ್ಲಾರೆನ್ಸ್ ಥಾಮಸ್ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದರು. 2018ರಲ್ಲಿ ಫೋರ್ಡ್, ಕ್ಯಾವನಾ 1982ರ ಬೇಸಿಗೆಯಲ್ಲಿ ತಮ್ಮ ಮೇಲೆ ಲೈಂಗಿಕ ಹಲ್ಲೆ ಮಾಡಿದರು ಎಂದರು. ಇಬ್ಬರೂ ನಾಮನಿರ್ದೇಶಿತರು ಆರೋಪಗಳನ್ನು ಪೂರ್ತಿಯಾಗಿ ಅಲ್ಲಗಳೆದರು. ಎರಡೂ ಪ್ರಕರಣಗಳಲ್ಲಿ ಎಡವಟ್ಟು ಒಂದೇ ಕ್ರಮದಲ್ಲಿ ನಡೆದಿದೆ, ಅದನ್ನು ಗಮನಿಸಿ. ದೂರುದಾರರು ಹೆಸರು ಗುಟ್ಟಾಗಿರಲಿ ಎಂದು ಕೇಳಿದರು. ಫೋರ್ಡ್ ಅವರ ಪತ್ರದ ದಿನಾಂಕ ಜುಲೈ 30. ಪತ್ರ ಪಡೆದಿದ್ದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅದನ್ನು ಎಫ್‌ಬಿಐಗೆ ಒಪ್ಪಿಸಿದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಅಷ್ಟರಲ್ಲಿ ಮುಖ್ಯ ವಿಚಾರಣೆ ಮುಗಿದಿತ್ತು. 1991ರಲ್ಲಿ ಹಿಲ್ ಅವರ ಹೇಳಿಕೆ ಸಮಿತಿಯ ಕೈಯಲ್ಲಿದ್ದಾಗಲೇ ಸಮಿತಿ 7–7 ಮತ ಹಾಕಿ ಕಡತವನ್ನು ಮುಂದೆ ಸಾಗಿಸಿತು. ಆಮೇಲೆ ಸುದ್ದಿ ಸೋರಿತು. ಸೋರಿದ ಮೇಲೆ ಗಲಾಟೆ, ಗಲಾಟೆಯ ನಂತರ ಅವಸರದ ವಿಚಾರಣೆ. ಎರಡು ಸಲವೂ ಕೊಟ್ಟ ಹೆಚ್ಚಿನ ಸಮಯ ಒಂದು ವಾರ. 27 ವರ್ಷಗಳ ಅಂತರದಲ್ಲಿ ಒಂದು ದಿನವೂ ಹೆಚ್ಚಾಗಲಿಲ್ಲ.

ಮುಗಿಯುವ ದಿನಾಂಕ ಮೊದಲೇ ಗೊತ್ತಿರುವ ತನಿಖೆಯಲ್ಲಿ ಸಾಕ್ಷಿಗಳನ್ನು ಕೈಬಿಡುವುದು ಅನಿವಾರ್ಯವಾಗುತ್ತದೆ. ಥಾಮಸ್ ಅವರ ಕೈಕೆಳಗೆ ಕೆಲಸ ಮಾಡಿದ್ದ ಏಂಜೆಲಾ ರೈಟ್ ಎಂಬವರು ಬಂದು ಹೇಳಲು ತಯಾರಿದ್ದರು. ಅವರನ್ನು ಕರೆಯಲಿಲ್ಲ, ಅವರ ಹೇಳಿಕೆಯನ್ನು ಕಾಗದವಾಗಿ ದಾಖಲೆಗೆ ಸೇರಿಸಿದರು. 2018ರ ಸೆಪ್ಟೆಂಬರ್ 27ರಂದು, ಘಟನೆಯ ಕೊಠಡಿಯಲ್ಲಿದ್ದರು ಎಂದು ಫೋರ್ಡ್ ಹೆಸರಿಸಿದ ಮೂರನೆಯ ವ್ಯಕ್ತಿ ಸಮಿತಿಯ ಮುಂದೆ ಬರಲಿಲ್ಲ. ಅಂದು ಬಹುಮತದ ಪಕ್ಷದವರು ಅರಿಜೋನಾದ ಪ್ರಾಸಿಕ್ಯೂಟರ್ ರೇಚಲ್ ಮಿಚೆಲ್ ಅವರಿಂದ ಪ್ರಶ್ನೆ ಕೇಳಿಸಿದರು. ಅನುಭವಿ ಪ್ರಾಸಿಕ್ಯೂಟರ್ ಒಬ್ಬರನ್ನು ಕರೆಸಿದ್ದು ಒಳ್ಳೆಯ ಆಲೋಚನೆಯೇ. ಆದರೆ ಅವರಿಗೆ ಸಿಕ್ಕಿದ್ದು 5 ನಿಮಿಷಗಳ ತುಂಡು ತುಂಡು ಸಮಯ, ನಡುನಡುವೆ ಎದುರು ಪಕ್ಷದ ಸೆನೆಟರ್‌ಗಳ 5 ನಿಮಿಷ. ಪಾಟೀಸವಾಲಿನ ಎಳೆ ಹಿಡಿಯಲು ಬಿಡದ ವ್ಯವಸ್ಥೆ ಅದು. ಕ್ಯಾವನಾ ಅವರ ಸರದಿ ಬಂದಾಗ ಕೆಲವು ಸುತ್ತುಗಳ ನಂತರ ಮಿಚೆಲ್ ಅವರನ್ನೇ ಬದಿಗಿಟ್ಟು ಸೆನೆಟರ್‌ಗಳು ತಾವೇ ಮಾತಿಗಿಳಿದರು.

ಮಾಡಬಹುದಾಗಿದ್ದದ್ದು ಕಷ್ಟದ್ದೇನಲ್ಲ. ದೂರು ಬಂದ ದಿನವೇ, ಎರಡೂ ಪಕ್ಷಗಳ ಒಬ್ಬೊಬ್ಬ ತನಿಖಾಧಿಕಾರಿ ಒಟ್ಟಿಗೆ ಹೋಗಿ ದೂರುದಾರರನ್ನು ಭೇಟಿಯಾಗುವುದು. ಹೆಸರು ಯಾರ ಯಾರಿಗೆ, ಯಾವ ಹಂತದಲ್ಲಿ ತಿಳಿಯುತ್ತದೆ ಎಂದು ಅವರಿಗೆ ಬರಹದಲ್ಲಿ ಕೊಡುವುದು. ಅವರು ಆ ಕಾಲದಲ್ಲಿ ಯಾರಿಗೆ ಹೇಳಿಕೊಂಡಿದ್ದರೋ ಅವರನ್ನು ಬೇರೆ ಬೇರೆಯಾಗಿ ಮಾತಾಡಿಸುವುದು. ನಾಮನಿರ್ದೇಶಿತರಿಗೆ ಆರೋಪದ ಪೂರ್ತಿ ವಿವರ ಕೊಟ್ಟು, ಕ್ಯಾಮೆರಾ ಇಲ್ಲದೆ, ಪ್ರಮಾಣದ ಮೇಲೆ ಉತ್ತರ ಪಡೆಯುವುದು. ಇವೆಲ್ಲ ಮುಗಿದ ಮೇಲೆ ಮಾತ್ರ ಸಾರ್ವಜನಿಕ ವಿಚಾರಣೆ ಬೇಕೇ ಎಂದು ನಿರ್ಧರಿಸುವುದು. 1991ರ ಕಹಿಯಿಂದ ಒಂದು ಸುಧಾರಣೆ ಆಗಿದೆ: ಎಫ್‌ಬಿಐ ಕಡತವನ್ನು ಮುಂದಿಟ್ಟುಕೊಂಡು ಬಾಗಿಲು ಮುಚ್ಚಿ ಒಂದು ಸಭೆ ನಡೆಸುತ್ತಾರೆ. ಆರೋಪ ಇರಲಿ ಬಿಡಲಿ ಎಲ್ಲ ನಾಮನಿರ್ದೇಶಿತರಿಗೂ ನಡೆಸುವುದರಿಂದ, ಸಭೆ ನಡೆಯಿತು ಎಂಬುದೇ ಯಾರ ಮೇಲೂ ಕಳಂಕವಾಗುವುದಿಲ್ಲ.

ಪುರಾವೆಯ ಅಳತೆಗೋಲು ಯಾವುದು? ಕ್ರಿಮಿನಲ್ ಮೊಕದ್ದಮೆಯ ‘ಸಂಶಯಾತೀತವಾಗಿ ಸಾಬೀತು’ ಎಂಬ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಯಾರನ್ನೂ ಜೈಲಿಗೆ ಕಳಿಸುತ್ತಿಲ್ಲ. ಆರೋಪ ಬಂದರೆ ಸಾಕು ಎಂಬುದೂ ಹೊಂದುವುದಿಲ್ಲ. ಬ್ರಾಂಡೈಸ್ ಅವರ ಕಥೆ ಈಗಷ್ಟೇ ನೋಡಿದೆವು. 1991ರಲ್ಲಿ ಸಮಿತಿಯ ಅಧ್ಯಕ್ಷ ಜೋ ಬೈಡನ್, ಸಂದೇಹದ ಲಾಭ ಥಾಮಸ್ ಅವರಿಗೆ ಸಲ್ಲಬೇಕು ಎಂಬ ನಿಲುವು ತೆಗೆದುಕೊಂಡರು. ಹಿರಿಯ ಸೆನೆಟರ್ ರಾಬರ್ಟ್ ಬರ್ಡ್ ಎದ್ದು, ಸಂದೇಹವಿದ್ದರೆ ಅದರ ಲಾಭ ನ್ಯಾಯಾಲಯಕ್ಕೆ, ದೇಶಕ್ಕೆ ಸಲ್ಲಲಿ ಎಂದರು. ಥಾಮಸ್ 52–48ರಿಂದ ಗೆದ್ದರು. 2018ರಲ್ಲಿ ಸೆನೆಟರ್ ಸುಸಾನ್ ಕಾಲಿನ್ಸ್ ತಮ್ಮ ಅಳತೆಯನ್ನು ಬಿಡಿಸಿ ಹೇಳಿದರು: ನಡೆದಿರುವ ಸಂಭವವೇ ಹೆಚ್ಚು ಎಂದು ಅನಿಸಬೇಕು, ನನಗೆ ಹಾಗೆ ಅನಿಸಲಿಲ್ಲ. ಅವರ ತೀರ್ಮಾನವನ್ನು ಒಪ್ಪದವರೂ ಒಂದು ವಿಷಯ ಒಪ್ಪಬೇಕು. ಅಳತೆಗೋಲನ್ನು ಬಾಯಿಬಿಟ್ಟು ಹೇಳಿದ ಸೆನೆಟರ್‌ಗಳು ಬಹಳ ಕಡಿಮೆ. ಆದರೆ ನಡೆದಿರುವ ಸಂಭವ ಎಷ್ಟು ಎಂದು ತೂಗಬೇಕಾದರೆ ತಕ್ಕಡಿಗೆ ಹಾಕಲು ಪುರಾವೆ ಬೇಕು. ಅದನ್ನು ಕಲೆಹಾಕುವ ಕೆಲಸವೇ ಅರ್ಧಕ್ಕೆ ನಿಂತಿದ್ದರೆ ಯಾವ ಅಳತೆಯೂ ಕೈಕೊಡುತ್ತದೆ. ನಮ್ಮ ಅಭಿಪ್ರಾಯ ಬರ್ಡ್ ಅವರ ಕಡೆಗೆ, ಒಂದು ಷರತ್ತಿನೊಂದಿಗೆ: ಸಂದೇಹ ಎಂದರೆ ತನಿಖೆ ಪೂರ್ತಿಯಾದ ಮೇಲೂ ಉಳಿಯುವ ಸಂದೇಹ. ಯಾರೂ ಕೇಳದೆ ಬಿಟ್ಟದ್ದರಿಂದ ಹುಟ್ಟಿದ ಸಂದೇಹದ ಹೊರೆಯನ್ನು ದೂರುದಾರರ ಮೇಲೂ ಹೊರಿಸಬಾರದು, ನಾಮನಿರ್ದೇಶಿತರ ಮೇಲೂ ಹೊರಿಸಬಾರದು. ಅದು ಸಮಿತಿಯ ಲೋಪ.

ಮನೋಧರ್ಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಳ್ಳು ಆರೋಪ ಎಂದು ನಂಬಿರುವವರು ಸಿಟ್ಟಾಗುವುದು ಸಹಜ. ಸಿಟ್ಟನ್ನೇ ಅನರ್ಹತೆ ಎಂದರೆ ನಟಿಸಬಲ್ಲವರಷ್ಟೇ ಪಾಸಾಗುತ್ತಾರೆ. ಹಾಗಾದರೆ ಏನನ್ನು ತೂಗಬೇಕು? ಬಾಯಿ ತಪ್ಪಿ ಬಂದದ್ದನ್ನೂ ಬರೆದು ತಂದದ್ದನ್ನೂ ಬೇರೆ ಬೇರೆ ತೂಗಬೇಕು. ಕ್ಯಾವನಾ ಅಂದು ಸೆನೆಟರ್ ಏಮಿ ಕ್ಲೋಬುಚಾರ್ ಅವರಿಗೆ ಮರುಪ್ರಶ್ನೆ ಎಸೆದರು, ವಿರಾಮದ ನಂತರ ಕ್ಷಮೆ ಕೇಳಿದರು. ಅದು ಆ ಕ್ಷಣದ್ದು, ತಿದ್ದಿಕೊಂಡದ್ದು, ಹಗುರವಾಗಿ ತೂಗಬಹುದು. ಆದರೆ ಈ ಆರೋಪದ ಹಿಂದೆ ಕ್ಲಿಂಟನ್ ದಂಪತಿ ಕಡೆಯವರ ಸೇಡು, ಎಡಪಂಥೀಯ ಗುಂಪುಗಳ ಹಣ ಇದೆ ಎಂಬ ಮಾತುಗಳು ಅವರು ತಾವೇ ಹಿಂದಿನ ದಿನ ಕೂತು ಬರೆದ ಹೇಳಿಕೆಯಲ್ಲಿದ್ದವು. ಒಂದು ರಾತ್ರಿಯ ಯೋಚನೆಯ ನಂತರವೂ ಉಳಿದ ಮಾತು ಅದು. ನಾಳೆ ಅದೇ ಗುಂಪುಗಳು ಕಕ್ಷಿದಾರರಾಗಿ ಎದುರು ನಿಲ್ಲುತ್ತವೆ. 2,400ಕ್ಕೂ ಹೆಚ್ಚು ಕಾನೂನು ಪ್ರಾಧ್ಯಾಪಕರು ಸಹಿ ಹಾಕಿ ಆಕ್ಷೇಪಿಸಿದ್ದು ಈ ಮನೋಧರ್ಮವನ್ನು. ಅಕ್ಟೋಬರ್ 4ರಂದು ಕ್ಯಾವನಾ ಪತ್ರಿಕೆಯೊಂದರಲ್ಲಿ, ಹೇಳಬಾರದ ಕೆಲವು ಮಾತು ಹೇಳಿದೆ ಎಂದು ಬರೆದರು. ಯಾವ ಮಾತುಗಳು ಎಂದು ಬಿಡಿಸಿ ಹೇಳಲಿಲ್ಲ. 1991ರಲ್ಲಿ ಥಾಮಸ್, ಹಿಲ್ ಅವರ ಸಾಕ್ಷ್ಯವನ್ನು ತಾವು ಕೇಳಲೇ ಇಲ್ಲ ಎಂದು ಸಮಿತಿಗೆ ಹೇಳಿದ್ದರು. ಅವರ ನೋವು ಅರ್ಥವಾಗುತ್ತದೆ. ಆದರೂ, ಎದುರು ಪಕ್ಷದ ಮಾತನ್ನು ಕೇಳಿಸಿಕೊಳ್ಳುವುದೇ ಕಸುಬಾಗಲಿರುವ ವ್ಯಕ್ತಿಯ ಬಾಯಿಂದ ಬಂದ ಆ ಉತ್ತರಕ್ಕೆ ಸಿಗಬೇಕಾದಷ್ಟು ಗಮನ ಅಂದು ಸಿಗಲಿಲ್ಲ.

ಹಳೆಯ ತೀರ್ಪುಗಳನ್ನು ನಡತೆಯ ಪುರಾವೆಯಾಗಿ ಎತ್ತಿದಾಗ ಇನ್ನೊಂದು ಎಚ್ಚರಿಕೆ ಬೇಕು. 2022ರಲ್ಲಿ ಜಾಕ್ಸನ್ ಜಿಲ್ಲಾ ನ್ಯಾಯಾಧೀಶೆಯಾಗಿ ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಂಡವರಿಗೆ ಕಡಿಮೆ ಶಿಕ್ಷೆ ಕೊಟ್ಟರು ಎಂದು ಸೆನೆಟರ್ ಜೋಶ್ ಹಾಲಿ ಏಳು ಪ್ರಕರಣ ಹಿಡಿದು ಬಂದರು. ಅಂಥ ಸಂಖ್ಯೆ ನೋಡಿದಾಗ ಮೂರು ಹೋಲಿಕೆ ಮಾಡದೆ ತೀರ್ಮಾನಕ್ಕೆ ಬರಬಾರದು: ಸರ್ಕಾರಿ ವಕೀಲರೇ ಎಷ್ಟು ವರ್ಷ ಕೇಳಿದ್ದರು, ಶಿಕ್ಷೆಗೆ ಮುನ್ನ ಕೋರ್ಟಿಗೆ ವರದಿ ಕೊಡುವ ಪ್ರೊಬೇಷನ್ ಕಚೇರಿ ಎಷ್ಟು ಶಿಫಾರಸು ಮಾಡಿತ್ತು, ಇಂಥದೇ ಪ್ರಕರಣದಲ್ಲಿ ಬೇರೆ ನ್ಯಾಯಾಧೀಶರು ಎಷ್ಟು ಕೊಡುತ್ತಾರೆ. ಚಿತ್ರ ತಯಾರಿಸದೆ ಕೇವಲ ಇಟ್ಟುಕೊಂಡವರ ಪ್ರಕರಣಗಳಲ್ಲಿ ಮಾರ್ಗಸೂಚಿಗಿಂತ ಕಡಿಮೆ ಶಿಕ್ಷೆ ಅಲ್ಲಿ ದೇಶದಾದ್ಯಂತ ಸಾಮಾನ್ಯ. ಸಮಿತಿಯಲ್ಲಿ 11–11 ಆಗಿ ನಿಂತ ಹೆಸರು ಕೊನೆಗೆ 53–47ರಿಂದ ದಾಟಿತು.

ಕ್ಯಾಮೆರಾಗಳು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಸೆನೆಟರ್‌ಗಳು ಲಿಖಿತ ಪ್ರಶ್ನೆ ಕಳಿಸುತ್ತಾರೆ. ಕ್ಯಾವನಾ ಅವರಿಗೆ ಸಾವಿರಕ್ಕೂ ಮಿಕ್ಕಿ ಹೋದವು, 263 ಪುಟಗಳ ಉತ್ತರ ಬಂತು. ಮುಖಭಾವ, ಧ್ವನಿ ಯಾವುದೂ ಇಲ್ಲದ ಈ ಪುಟಗಳಲ್ಲಿ ಉತ್ತರ ಕೊಟ್ಟದ್ದೂ ತಪ್ಪಿಸಿಕೊಂಡದ್ದೂ ಪಕ್ಕಪಕ್ಕದಲ್ಲಿ ಕಾಣುತ್ತದೆ. ಯಾರಾದರೂ ಓದಬಹುದು, ಓದುವವರು ಕಡಿಮೆ. ಅದೇ ವಿಚಾರಣೆಯ ಹಿಂದಿನ ಸಂಜೆ ಸಮಿತಿಗೆ 42,000 ಪುಟ ದಾಖಲೆ ಬಂದು ಬಿದ್ದಿತ್ತು. ಬೆಳಗಾಗುವುದರೊಳಗೆ ಅದನ್ನು ಯಾರು ಓದಿದ್ದಾರು?

ನಮ್ಮ ಕಡೆ ಇಂಥ ಕೊಠಡಿಯೇ ಇಲ್ಲ. ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಹೆಸರು ಆರಿಸುತ್ತದೆ, ಗುಪ್ತಚರ ದಳ ವರದಿ ಕೊಡುತ್ತದೆ, ಎರಡೂ ಮುಚ್ಚಿದ ಕಡತ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಹೆಸರನ್ನು ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿದ ಮೇಲೆ, ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಜಮೀನಿನ ಬಗ್ಗೆ ವಕೀಲರು ಆರೋಪ ಎತ್ತಿದರು. ಅವರು ಅದನ್ನು ಅಲ್ಲಗಳೆದರು. ಉತ್ತರ ಹೇಳಲು ಅವರಿಗೂ ಒಂದು ವೇದಿಕೆ ಇರಲಿಲ್ಲ, ಕೇಳಲು ನಾಗರಿಕರಿಗೂ ಇರಲಿಲ್ಲ. ಬೆಂಗಳೂರಿನಲ್ಲಿ ವಕೀಲರ ಪ್ರತಿಭಟನೆಯಾಯಿತು, ಸಿಕ್ಕಿಂಗೆ ವರ್ಗವಾಯಿತು, ರಾಜ್ಯಸಭೆಯ ಕಡೆಯಿಂದ ವಿಚಾರಣಾ ಸಮಿತಿ ಬಂತು, 2011ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು. ಆರೋಪ ನಿಜವೋ ಸುಳ್ಳೋ ಎಂಬ ತೀರ್ಮಾನ ಯಾರಿಂದಲೂ ಬರಲಿಲ್ಲ.

ಅಮೆರಿಕದ ಟಿ.ವಿ. ವಿಚಾರಣೆಯನ್ನು ಇಲ್ಲಿಗೆ ತರಬೇಕು ಎಂದು ನಾವು ಹೇಳುತ್ತಿಲ್ಲ. ಅದರ ಪಕ್ಷ ರಾಜಕೀಯ ನಮಗೆ ಬೇಡ. ಆದರೆ ಆ ಪ್ರಶ್ನಾವಳಿಗೆ ಕ್ಯಾಮೆರಾ ಬೇಕಿಲ್ಲ. ಆಸ್ತಿ, ಪಾಲುಗಳು, ನಡೆಸಿದ ಮೊಕದ್ದಮೆ, ಹಿಂದೆ ಸರಿದ ಪ್ರಕರಣ, ಸಂಘಗಳ ಸದಸ್ಯತ್ವ, ಇಷ್ಟನ್ನು ಪ್ರಮಾಣದ ಮೇಲೆ ಬರೆಸಿ, ಹೆಸರು ಶಿಫಾರಸು ಆದ ದಿನವೇ ಪ್ರಕಟಿಸಬಹುದು. 2025ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ತನ್ನ ನ್ಯಾಯಮೂರ್ತಿಗಳ ಆಸ್ತಿ ವಿವರಗಳನ್ನು ಜಾಲತಾಣದಲ್ಲಿ ಹಾಕಿತು. ಅವು ಪೀಠ ಏರಿದ ಮೇಲಿನ ವಿವರಗಳು. ಏರುವ ಮೊದಲಿನ ಕಾಗದ ಇನ್ನೂ ನಮ್ಮ ಕೈಗೆ ಬಂದಿಲ್ಲ.